ಒಂಬತ್ತನೆಯ ಕವಡೆ

ಮೇ ತಿಂಗಳ ಮೊದಲ ವಾರದಿಂದ ಗೋಮಿಬಾಯಿ ಮನೆಯವರ ಬಾಚಣಿಗೆಗಳನ್ನು ಕಾಯತೊಡಗಿದಳು.

ಅಲ್ಲಿಯವರೆಗೆ ಆ ಮನೆಯಲ್ಲಿ ಉದುರಿದ ಕೂದಲಿಗೆ ಒಂದು ನಿಶ್ಚಿತ ದಾರಿಯಿತ್ತು. ಬಾಚಿದ ಮೇಲೆ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಕಿಟಕಿಯ ಸರಳಿಗೆ ಕಟ್ಟಿದ ಚೀಲದಲ್ಲಿ ತುರುಕುವುದು. ಎರಡು ತಿಂಗಳಿಗೊಮ್ಮೆ ಝುವಾರಿನಗರದ ಆ ಓಣಿಗೆ ಬರುವ ಕೂದಲಿನವನಿಗೆ ಕೊಟ್ಟು ಸ್ಟೀಲಿನ ವಾಟಿಯನ್ನೋ ಸೂಜಿಯ ಪೊಟ್ಟಣವನ್ನೋ ಪಡೆಯುವುದು. ಈಗ ಮುದುಕಿ ಆ ಚೀಲವನ್ನು ಹಿತ್ತಲಿಗೆ ಒಯ್ದು ಸುಟ್ಟಳು. ಮರುದಿನ ಬಾಚಣಿಗೆಯ ಹಲ್ಲುಗಳ ನಡುವೆ ಉಳಿದದ್ದನ್ನೂ ಸೂಜಿಯಿಂದ ಕೆದಕಿ ತೆಗೆದು ಸುಟ್ಟಳು. ಕಮಟು ವಾಸನೆ ಅಡುಗೆಮನೆಗೆ ನುಗ್ಗಿ ಬೇಯುತ್ತಿದ್ದ ಅನ್ನದ ಮೇಲೆ ಕುಳಿತಿತು.

“ಏನ ಸುಡಾಕತ್ತೀರಿ ಅತ್ತಿ? ಸುಡುಗಾಡ ನಾತ ಬರಾಕತ್ತೇತಿ,” ಎಂದು ಸೊಸೆ ದೀಪಾ ಮೂಗಿಗೆ ಸೆರಗು ಹಿಡಿದು ಬಂದಳು.

“ಕೂದಲಾ.”

“ಯಾಕ? ಕೂದಲಿನವ ಬರಾಂವ ಇದ್ದ.”

“ಅಂವ ಮೋಸಗಾರ. ಹೋದ ಸಲ ಕೊಟ್ಟ ವಾಟಿ ಸೋರತೇತಿ.”

ವಾಟಿ ಸೋರುತ್ತಿರಲಿಲ್ಲ. ಅದೇ ವಾಟಿಯಲ್ಲಿ ದೀಪಾ ಅಂದು ಬೆಳಿಗ್ಗೆ ಚಹಾ ಕುಡಿದಿದ್ದಳು. ಆದರೆ ಹೋಟೆಲಿನ ಲಾಂಡ್ರಿಗೆ ಹೊತ್ತಾಗಿತ್ತು. ನೂರಾರು ಚಾದರಗಳು ಅಲ್ಲಿ ಅವಳಿಗಾಗಿ ಕಾದಿದ್ದವು. ವಾದಿಸದೆ ಹೊರಟುಹೋದಳು.

ಇದೆಲ್ಲ ಶುರುವಾದದ್ದು ಹಿಂದಿನ ಭಾನುವಾರದ ಊಟದಲ್ಲಿ. ಮನೆಯ ನಾಲ್ವರೂ ಒಟ್ಟಿಗೆ ಉಣ್ಣುವುದು ಭಾನುವಾರ ಮಧ್ಯಾಹ್ನ ಮಾತ್ರ. ಗೋಮಿಬಾಯಿಯ ಮಗ ಬಾಲು ಮುರ್ಮುಗಾಂವ್ ಬಂದರಿನಲ್ಲಿ ಕಲ್ಲಿದ್ದಲು ಇಳಿಸುವವನು. ಎಷ್ಟು ತೊಳೆದರೂ ಅವನ ಉಗುರುಗಳ ಅಂಚು ಕಪ್ಪಾಗಿಯೇ ಇರುತ್ತಿತ್ತು. ಜೋಳದ ರೊಟ್ಟಿಯನ್ನು ಬಂಗಡೆಯ ಸಾರಿನಲ್ಲಿ ಅದ್ದುತ್ತ ಅವನು ಮಗಳನ್ನು ಕೇಳಿದ್ದ, “ಎಂಟು ವಾರ ಆ ಗುಡ್ಡದ ಮ್ಯಾಲಿನ ಸಂಸ್ಥೆಯೊಳಗ ಏನ ಮಾಡ್ತೀ ಅಂತ ಮಂದಿ ಕೇಳ್ತಾರವಾ. ಏನಂತ ಹೇಳ್ಲಿ?”

ವಿದ್ಯಾ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ. ಓಣಿಯಲ್ಲಿ ಬೇಸಿಗೆ ಸಂಶೋಧನೆಗೆ ಆಯ್ಕೆಯಾದವಳು ಅವಳೊಬ್ಬಳೇ. “ಡಿಎನ್‌ಎ ಕೆಲಸ ಅಪ್ಪಾ,” ಎಂದಳು.

“ಹೋ! ಟೀವ್ಯಾಗ ತೋರಸ್ತಾರಲ್ಲ? ಯಾರ ಕೂಸು ಯಾರದು ಅಂತ?”

ಗೋಮಿಬಾಯಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

“ಅದಲ್ಲೋ ಅಪ್ಪಾ. ನಾವು ಡಿಎನ್‌ಎ ಮಡಚಿ ಪೆಟ್ಟಿಗಿ ಮಾಡ್ತೇವಿ. ಒಂದು ಉದ್ದನ್ನ ಎಳಿ ಇರ್ತದ. ಅದನ್ನ ಅಲ್ಲಲ್ಲಿ ಹಿಡದು ಬಗ್ಗಸಾಕ ಇನ್ನೂರು ಸಣ್ಣ ಎಳಿ. ಎಲ್ಲಾ ಕೂಡಿಸಿ ಬಿಸಿ ಮಾಡಿ ನಿಧಾನಕ್ಕ ಆರಿಸಿದ್ರ ತಾನ ಮಡಚ್ಕೊಂಡು ಪೆಟ್ಟಿಗಿ ಆಗ್ತದ. ಒಂದು ಕೂದಲದ ಅಗಲದಾಗ ಅಂಥಾ ಸಾವಿರ ಪೆಟ್ಟಿಗಿ ಸಾಲಾಗಿ ಕೂಡ್ತಾವ. ಮುಚ್ಚಳಾನೂ ಇರ್ತದ.”

“ಮುಚ್ಚಳ ಯಾವಾಗ ತೆರೀತದ?” ಎಂದು ಕೇಳಿದವಳು ಗೋಮಿಬಾಯಿ. ಎಲ್ಲರೂ ಅವಳತ್ತ ತಿರುಗಿದರು. ಮೊಮ್ಮಗಳ ಓದಿನ ಬಗ್ಗೆ ಅವಳು ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಅದಕ್ಕ ಹೊಂದೋ ಎಳಿ ಬಂದಾಗ ಆಯಿ. ಬ್ಯಾರೆ ಎಳಿ ಬಂದ್ರ ತೆರಿಯಂಗಿಲ್ಲ.”

“ಆ ಎಳಿ ಯಾರದು?”

“ಒಂದು ಕ್ರಿಮೀದು.” ವಿದ್ಯಾ ನಕ್ಕಳು. “ನಿಂದಲ್ಲ, ಅಂಜಬ್ಯಾಡ.”

ಗೋಮಿಬಾಯಿ ಆ ಮಾತನ್ನು ನಂಬಲಿಲ್ಲ. ಕೂದಲು ಎಂಬ ಮಾತು ಅವಳ ಕಿವಿಯಲ್ಲಿ ಉಳಿಯಿತು. ಕ್ರಿಮಿ ಎಂಬುದು ಮುದುಕಿಯ ಬಾಯಿ ಮುಚ್ಚಿಸಲು ಕೊಟ್ಟ ಉತ್ತರವೆನಿಸಿತು. ಏಕೆಂದರೆ ವಿದ್ಯಾ ದೀಪಾಳ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಅದು ವಿದ್ಯಾಳಿಗೆ ಗೊತ್ತಿರಲಿಲ್ಲ. ಬಾಲುವಿಗೆ ಗೊತ್ತಿರಲಿಲ್ಲ. ಹಡೆದೆನೆಂದು ನಂಬಿದ್ದ ದೀಪಾಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರು. ಅವರಲ್ಲಿ ಸೂಲಗಿತ್ತಿ ರಾಮಿಬಾಯಿ ಹೋದ ವರ್ಷ ತೀರಿಕೊಂಡಿದ್ದಳು.

ಇಪ್ಪತ್ತೊಂದು ವರ್ಷಗಳ ಹಿಂದೆ, ಬಾಯ್ನಾ ಕಡಲ ದಂಡೆಯ ಗುಡಿಸಲುಗಳನ್ನು ಕೆಡವಿದ ಮಳೆಗಾಲದಲ್ಲಿ ನಡೆದದ್ದು ಅದು. ಬಾಲು ರಸ್ತೆ ಕೆಲಸಕ್ಕೆಂದು ವಾಳಪೈಗೆ ಹೋಗಿದ್ದ. ದೀಪಾ ಹಡೆದು ಮೂರು ದಿನವಾಗಿತ್ತು. ಜ್ವರದಲ್ಲಿ ಕಣ್ಣು ಬಿಡುತ್ತಿರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಕೂಸು ತಣ್ಣಗಾಯಿತು. ಗೋಮಿಬಾಯಿ ಅದನ್ನು ಮರಳಿಗೆ ಒಪ್ಪಿಸಿ ಹಿಂದಿರುಗುತ್ತಿದ್ದಾಗ ಬುಲ್ಡೋಜರ್ ಬಂದಿತ್ತು, ಪೊಲೀಸರ ಗಾಡಿಗಳು ಬಂದಿದ್ದವು. ಆ ಗದ್ದಲದಲ್ಲಿ ಹಳದಿ ಸೀರೆಯ ಒಬ್ಬ ಹೆಣ್ಣುಮಗಳು ತನ್ನ ಹಸುಗೂಸನ್ನು ಅವಳ ಮಡಿಲಿಗೆ ಹಾಕಿ, “ಹಿಡೀಯವ್ವಾ, ಈಗ ಬಂದ್ನಿ,” ಎಂದು ಬೀಳುತ್ತಿದ್ದ ತನ್ನ ಗುಡಿಸಲಿನ ಕಡೆ ಓಡಿದಳು.

ಗೋಮಿಬಾಯಿ ಆಕೆಯನ್ನು ಮತ್ತೆ ನೋಡಲಿಲ್ಲ.

ಅಂದಿನಿಂದ ಅವಳ ಮನೆಯಲ್ಲಿ ಒಂದು ನಿಯಮ. ಹೊರಗೆ ಹೋಗುವವರು “ಹೋಗಿ ಬರ್ತೇನಿ” ಎನ್ನಬೇಕು. “ಈಗ ಬಂದ್ನಿ” ಎನ್ನಕೂಡದು. ಚಿಕ್ಕವಳಿದ್ದಾಗ ವಿದ್ಯಾ ಒಮ್ಮೆ ಹಾಗೆಂದು ಅಂಗಡಿಗೆ ಓಡಿದ್ದಕ್ಕೆ ಬೆನ್ನ ಮೇಲೆ ಐದು ಬೆರಳು ಮೂಡುವಂತೆ ಏಟು ತಿಂದಿದ್ದಳು. ಮುದುಕಿಯ ಹುಚ್ಚು ಎಂದು ಬಾಲು ಹೇಳುತ್ತಿದ್ದ. ಎಲ್ಲರಿಗೂ ಅದು ರೂಢಿಯಾಗಿತ್ತು.

ಮೂರನೆಯ ವಾರದಲ್ಲಿ ಗೋಮಿಬಾಯಿ ಎಂಜಲಿಗೂ ಹೆದರತೊಡಗಿದಳು. ಟೀವಿಯಲ್ಲಿ ಯಾರೋ ಸೇದಿ ಎಸೆದ ಬೀಡಿಯ ತುಂಡಿನಿಂದ ಪೊಲೀಸರು ಕಳ್ಳನನ್ನು ಹಿಡಿದಿದ್ದರು. ಗೋಮಿಬಾಯಿ ಲಂಬಾಣಿ ಕಸೂತಿಯವಳು. ನಲವತ್ತು ವರ್ಷ ಗೋವಾದ ಕಡಲ ದಂಡೆಗಳಲ್ಲಿ ಚೀಲ, ಸೊಂಟಪಟ್ಟಿ, ಮಣಿಸರ ಮಾರಿದವಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಏರಿಸುವುದು ಅವಳಿಗೆ ಉಸಿರಾಟದಷ್ಟು ಸಹಜ. ಈಗ ಅವಳು ಪಕ್ಕದಲ್ಲಿ ನೀರಿನ ವಾಟಿ ಇಟ್ಟುಕೊಂಡು, ದಾರವನ್ನು ಅದರಲ್ಲಿ ಅದ್ದಿ, ಹತ್ತು ಸಲ ಗುರಿ ತಪ್ಪಿ, ಹನ್ನೊಂದನೆಯ ಸಲ ಪೋಣಿಸುತ್ತಿದ್ದಳು.

“ಬಾಯಿಗೆ ಏನಾಗೇತಿ ಆಯಿ?” ಎಂದು ವಿದ್ಯಾ ಪಕ್ಕದಲ್ಲಿ ಕುಳಿತಳು.

“ಹುಣ್ಣಾಗೇತಿ.”

“ನೋಡೂಣು, ಬಾಯಿ ತೆಗಿ.”

“ಸರಿ ಆ ಕಡೆ! ನನ್ನ ಬಾಯಾಗ ನಿಂದೇನ ಕೆಲಸಾ?”

ಹುಡುಗಿಯ ಮುಖ ಸಣ್ಣದಾಯಿತು. ಆ ಮುಖದಲ್ಲಿ ಗಲ್ಲದ ಮೇಲೊಂದು ಕುಳಿ. ಬಾಲುವಿಗಿಲ್ಲದ, ದೀಪಾಳಿಗಿಲ್ಲದ ಕುಳಿ. ಗೋಮಿಬಾಯಿ ಸೂಜಿಯತ್ತ ಕಣ್ಣು ಕೀಲಿಸಿದಳು.

ಐದನೆಯ ವಾರ ವಿದ್ಯಾಳ ಪೆಟ್ಟಿಗೆಗಳು ಆಗಲೇ ಇಲ್ಲ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಚೌಕಗಳಿರಬೇಕಾದಲ್ಲಿ ಮುದ್ದೆಮುದ್ದೆಯಾದ ಬಿಳಿ ಕಲೆಗಳು. ಅವಳು ಮನೆಗೆ ಬಂದು ನೆಲದ ಮೇಲೆ ಚೌಕಳಿ ಕಾಗದ ಹರಡಿ, ಪೆನ್ಸಿಲಿನಿಂದ ಮನೆ ಮನೆ ಎಣಿಸುತ್ತ ಕುಳಿತಳು. ಊಟಕ್ಕೆ ಕರೆದರೆ ಕೈಯೆತ್ತಿ ತಡೆಯುತ್ತಿದ್ದಳು. ಇದೇ ಸಮಯವೆಂದು ಗೋಮಿಬಾಯಿ ಮಗನೆದುರು ಮಾತೆತ್ತಿದಳು.

“ಬಾಲೂ, ಆ ಕೆಲಸ ಬಿಡಸು. ಹುಡುಗಿ ಒಣಗಿ ಕಡ್ಡಿ ಆಗ್ಯಾಳ. ಗಜೇಂದ್ರಗಡಕ್ಕ ಕಳಸು, ನಮ್ಮ ತಾಂಡಾದಾಗ ಎರಡ ತಿಂಗಳ ಇದ್ದ ಬರ್ಲಿ. ಕುಬೇರನ ಮಗಾ ನೌಕರಿ ಹಿಡದಾನಂತ. ನೋಡಿದ್ರ ತಪ್ಪೇನೈತಿ?”

“ಯವ್ವಾ, ನಿನಗೇನ ತಲಿ ಕೆಟ್ಟೇತೇನು?” ಬಾಲು ತಾಟನ್ನು ಸರಿಸಿದ. “ನಾ ಇಪ್ಪತ್ತ ವರ್ಷ ಕಲ್ಲಿದ್ದಲ ನುಂಗೇನಿ. ಕೆಮ್ಮಿದ್ರ ಕರೇ ಉಗುಳು ಬರ್ತೇತಿ. ನನ್ನ ಮಗಳು ಬಿಳೇ ಕೋಟ್ ಹಾಕ್ಕೊಂಡು ಹೊಂಟಾಳ. ಅದನ್ನ ಬಿಡಸು ಅಂತೀಯಲ್ಲ!”

“ಅಲ್ಲಿ ಏನೇನ ಕೆದಕ್ತಾರೋ.”

“ಕೆದಕ್ಲಿ. ನಮ್ಮ ಮನ್ಯಾಗ ಮುಚ್ಚಿಡೂದು ಏನೈತಿ?”

ಒಲೆಯ ಬಳಿ ರೊಟ್ಟಿ ಬಡಿಯುತ್ತಿದ್ದ ದೀಪಾ ತಿರುಗಿ ಅತ್ತೆಯ ಮುಖ ನೋಡಿ, ಮತ್ತೆ ಬಡಿಯತೊಡಗಿದಳು. ಗೋಮಿಬಾಯಿ ಅಂದು ಉಣ್ಣಲಿಲ್ಲ.

ಎರಡು ದಿನದ ಮೇಲೆ ವಿದ್ಯಾ ಕಾಗದದ ಮೇಲೆ ಕೈಯೂರಿ ಕೂಗಿದಳು, “ಸಿಕ್ತು! ಒಂದ ಸಾಲಿನಾಗ ಎಣಿಕಿ ತಪ್ಪಿದ್ದೆ. ಅಲ್ಲಿಂದ ಮುಂದ ಎಲ್ಲಾ ಸೊಟ್ಟ.” ಅಂದಿನಿಂದ ಅವಳಿಗೆ ಎಣಿಸುವ ಗೀಳು ಹಿಡಿಯಿತು. ಚಾಪೆಯ ಹೆಣಿಗೆ, ಜರಡಿಯ ತೂತು, ಕಿಟಕಿಯ ಜಾಳಿಗೆ, ಯಾವುದನ್ನೂ ಬಿಡಲಿಲ್ಲ. ಏಳನೆಯ ವಾರ ಅಜ್ಜಿಯ ಬಳಿ ಬಂದು, “ಆಯಿ, ಕಡೀ ದಿನ ಪ್ರದರ್ಶನ ಐತಿ. ಎಳಿ ಮಡಚೂದು ಮಂದಿಗೆ ತಿಳೀಬೇಕಂದ್ರ ನಿನ್ನ ಕಸೂತಿ ತೋರಸ್ತೇನಿ. ನಮ್ಮ ನಿಖತ ಮೇಡಂ ಹೂಂ ಅಂದಾರ. ಒಂದು ಪಟ್ಟಿ ಕೊಡು,” ಎಂದಳು.

ಮನೆಯಲ್ಲಿದ್ದ ಪ್ರತಿಯೊಂದು ಪಟ್ಟಿಯ ದಾರವೂ ಗೋಮಿಬಾಯಿಯ ಬಾಯಿಯಿಂದ ಬಂದದ್ದು. ಕೊಡುವುದಿಲ್ಲವೆಂದರೆ ಹುಡುಗಿ ಏಕೆಂದು ಕೇಳುತ್ತಾಳೆ. ಇಡೀ ದಿನ ಯೋಚಿಸಿದಳು. ಕೊನೆಗೆ ತಗಡಿನ ಟ್ರಂಕಿನ ತಳದಲ್ಲಿ ಮಡಿಚಿಟ್ಟ ಕೂಸಿನ ಕುಲಾವಿ ನೆನಪಾಯಿತು. ವಿದ್ಯಾ ಹಸುಗೂಸಾಗಿದ್ದಾಗ ಹಾಕಿದ್ದು. ಹಾಲು ಕಕ್ಕಿದಾಗಲೆಲ್ಲ ಸಾಬೂನು ಹಚ್ಚಿ ಕುದಿಸಿ ಒಗೆದದ್ದು. ಅದರಲ್ಲಿ ಯಾರ ಎಂಜಲೂ ಉಳಿದಿರಲಿಕ್ಕಿಲ್ಲ. ದೀಪಾ ಕೂಡ ಜ್ವರದ ಮಂಪರಿನಲ್ಲಿ “ಕೂಸಿಗೆ ಕುಲಾವಿ ಹಾಕಿರೇನು?” ಎಂದು ಕೇಳಿ, ಅದನ್ನೇ ಮುಟ್ಟಿ ನೋಡಿ ಸಮಾಧಾನಪಟ್ಟಿದ್ದಳು. ಜ್ವರ ಬಿಟ್ಟು ಎದ್ದ ಮೇಲೆ ದೃಷ್ಟಿಯಾಗುತ್ತದೆಂಬ ನೆಪ ಹೇಳಿ ಗೋಮಿಬಾಯಿ ಅದನ್ನು ಟ್ರಂಕಿಗೆ ಸೇರಿಸಿದ್ದಳು.

“ತಗೋ,” ಎಂದು ಮೊಮ್ಮಗಳ ಕೈಗೆ ಕೊಟ್ಟಾಗ ಏಳು ವಾರಗಳ ನಂತರ ಮೊದಲ ಬಾರಿಗೆ ಅವಳು ನೆಟ್ಟಗೆ ಉಸಿರೆಳೆದಳು.

ಜೂನ್ ಕೊನೆಯ ಶನಿವಾರ ಪ್ರದರ್ಶನ. ಹಡಗು ಬಂದಿದ್ದರಿಂದ ಬಾಲುವಿಗೆ ರಜೆ ಸಿಗಲಿಲ್ಲ. ಲಾಂಡ್ರಿಯಲ್ಲಿ ಎಂದೂ ರಜೆ ಕೊಡದ ಮ್ಯಾನೇಜರ್ ಏನೆಂದುಕೊಂಡನೋ ದೀಪಾಳಿಗೆ ಅಂದು ಕೊಟ್ಟ. ಅತ್ತೆ ಸೊಸೆ ಒಂದೇ ಕೊಡೆಯಡಿ ಗುಡ್ಡ ಹತ್ತಿದರು.

ಉದ್ದನೆಯ ಕೊಠಡಿಯಲ್ಲಿ ಸಾಲುಸಾಲು ಭಿತ್ತಿಪತ್ರಗಳು. ವಿದ್ಯಾಳ ಚಿತ್ರದಲ್ಲಿ ಕಂದು ಹಿನ್ನೆಲೆಯ ಮೇಲೆ ನೂರಾರು ಬಿಳಿ ಚೌಕಗಳು, ಒಂದೊಂದೂ ಅಚ್ಚುಕಟ್ಟು. ಅದರ ಕೆಳಗೆ ಮೇಜಿನ ಮೇಲೆ ದೀಪ, ದೀಪದಡಿ ಕುಲಾವಿ, ಕುಲಾವಿಯ ಮೇಲೊಂದು ದೊಡ್ಡ ಭೂತಗನ್ನಡಿ. ವಿದ್ಯಾ ಬಿಳಿ ಕೋಟಿನಲ್ಲಿ ನಿಂತು ಬಂದವರಿಗೆಲ್ಲ ಹಿಂದಿಯಲ್ಲಿ ಹೇಳುತ್ತಿದ್ದಳು. ತಾಯಿಯನ್ನೂ ಅಜ್ಜಿಯನ್ನೂ ಕಂಡು ಕನ್ನಡಕ್ಕೆ ಹೊರಳಿದಳು.

“ಅವ್ವಾ, ಇವು ನನ್ನ ಪೆಟ್ಟಿಗಿ. ಉದ್ದನ್ನ ಎಳಿ ಕ್ರಿಮೀದು, ಸಣ್ಣ ಎಳಿ ಕಂಪನಿಯೊಳಗ ಮಾಡಿಸಿ ತರ್ಸೂದು.”

“ಮನಶ್ಯಾರದು?” ಎಂದಳು ಗೋಮಿಬಾಯಿ. “ಕೂದಲಾ, ಎಂಜಲಾ...?”

“ಯಾರದೂ ಇಲ್ಲ ಆಯಿ. ಮೊದಲನೇ ದಿನಾನ ಹೇಳಿದ್ನಲ್ಲ?”

ಗೋಮಿಬಾಯಿ ಮೇಜಿನ ಅಂಚು ಹಿಡಿದುಕೊಂಡಳು. ಸುಟ್ಟ ಕೂದಲು, ನೀರಿನ ವಾಟಿ, ಹುಣ್ಣಾಗಿದೆಯೆಂದು ಹೇಳಿದ ಸುಳ್ಳು ಎಲ್ಲವೂ ಕಣ್ಣ ಮುಂದೆ ಬಂದು ಅವಳಿಗೆ ನಗು ಬಂದಂತಾಯಿತು. ಅಷ್ಟರಲ್ಲಿ ವಿದ್ಯಾ ಭೂತಗನ್ನಡಿಯನ್ನು ಸರಿಪಡಿಸಿ ಹೇಳಿದಳು:

“ಆದ್ರ ಖರೇ ಮಜಾ ಇಲ್ಲೈತಿ ನೋಡು. ನಮ್ಮಾಯಿ ಎಂದೂ ಎಣಿಕಿ ತಪ್ಪಂಗಿಲ್ಲ. ಈ ಕುಲಾವಿಯೊಳಗ ಮೂರನೇ ಸಾಲಿನಿಂದ ತಪ್ಪೇತಿ. ನಾಕು ಎಳಿ ಹಾಕೋದ್ರಾಗ ಮೂರು, ಆಮ್ಯಾಲೆ ಐದು. ನನ್ನ ಪೆಟ್ಟಿಗಿ ಕೆಟ್ಟಿದ್ದೂ ಹಿಂಗ. ಮೊದಲು ಇದನ್ನ ತೋರ್ಸಿ ಆಮ್ಯಾಲೆ ಅದನ್ನ ತೋರಸ್ತೇನಿ, ಮಂದಿಗೆ ಪಟ್ನ ತಿಳೀತದ.” ಅಜ್ಜಿಯ ಕಡೆ ತಿರುಗಿ ಹುಬ್ಬು ಹಾರಿಸಿದಳು. “ಇದು ಅವಸರದ ಕೈ ಆಯಿ. ಎರಡ ದಿನದಾಗ ಹೊಲದಂಗೈತಿ. ಅಷ್ಟ ಏನ ಅವಸರ ಇತ್ತು?”

“ಕಣ್ಣ ಮಂಜಾಗಿತ್ತು,” ಎಂದಳು ಗೋಮಿಬಾಯಿ.

ದೀಪಾ ಭೂತಗನ್ನಡಿಯ ಮೇಲೆ ಬಾಗಿದ್ದಳು. ಬಹಳ ಹೊತ್ತು ಬಾಗಿಯೇ ಇದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಕುಲಾವಿಯ ಅಂಚಿನ ಕವಡೆಗಳನ್ನು ಅವಳು ಎಣಿಸುತ್ತಿದ್ದಾಳೆಂದು ಗೋಮಿಬಾಯಿಗೆ ಗೊತ್ತಾಯಿತು.

“ಎಂಟು,” ಎಂದಳು ದೀಪಾ, ಯಾರಿಗೂ ಅಲ್ಲದೆ.

ಪರೀಕ್ಷಕರು ಬರುವವರೆಗೆ ವಿದ್ಯಾ ಅಲ್ಲಿಂದ ಕದಲುವಂತಿರಲಿಲ್ಲ. ಅತ್ತೆ ಸೊಸೆ ಬಸ್ ನಿಲ್ದಾಣಕ್ಕೆ ಇಳಿದರು. ಈ ಸಲ ಕೊಡೆ ದೀಪಾಳ ಕೈಯಲ್ಲಿ ಮಡಿಚಿಕೊಂಡೇ ಇತ್ತು, ಇಬ್ಬರೂ ನೆನೆದರು. ಮನೆಯ ಕಡೆಯ ಬಸ್ ಬಂತು, ದೀಪಾ ಏಳಲಿಲ್ಲ. ವಾಸ್ಕೋದ ಬಸ್ ಬಂದಾಗ ಹತ್ತಿ ಕಂಡಕ್ಟರನಿಗೆ, “ದೋನ್. ಬಾಯ್ನಾ,” ಎಂದು ಎರಡು ಟಿಕೆಟ್ ಕೇಳಿದಳು.

ಬಾಯ್ನಾದಲ್ಲಿ ಈಗ ಗುಡಿಸಲುಗಳಿಲ್ಲ. ದಂಡೆಯುದ್ದಕ್ಕೂ ಮೇಲ್ಸೇತುವೆಯ ಕಂಬಗಳು ನಿಂತಿವೆ. ಮೀನುಗಾರಿಕೆ ನಿಂತ ಕಾಲವಾದ್ದರಿಂದ ದೋಣಿಗಳನ್ನು ಮೇಲೆಳೆದು ನೀಲಿ ಟಾರ್ಪಾಲು ಹೊದಿಸಿದ್ದರು. ಕಡಲು ಮಣ್ಣುಬಣ್ಣಕ್ಕೆ ತಿರುಗಿ ಸದ್ದು ಮಾಡುತ್ತಿತ್ತು.

“ಬಸುರಿದ್ದಾಗ ದಿನಾ ನೋಡ್ತಿದ್ದೆ,” ಎಂದಳು ದೀಪಾ. “ಮೂರು ತಿಂಗಳ ಕೂತು ಹೊಲದಿರಿ. ಹುಟ್ಟೂ ಮೊದಲ ಹೊಲೀಬಾರದು ಅಂತ ರಾಮಿಬಾಯಿ ಬೈದ್ರೂ ಬಿಡಲಿಲ್ಲ. ಒಂಬತ್ತು ಕವಡಿ. ಒಂಬತ್ತನೇದು ನಾ ಕೊಟ್ಟಿದ್ದು. ನಮ್ಮವ್ವನ ಸೊಂಟಪಟ್ಟೀದು. ಒಂದ ಕಡೆ ತುದಿ ಒಡದಿತ್ತು.” ಅವಳು ಅತ್ತೆಯ ಎದುರು ಬಂದು ನಿಂತಳು. “ಆ ಕುಲಾವಿ ಎಲ್ಲೈತಿ?”

ಗೋಮಿಬಾಯಿ ಕಡಲಿನ ಕಡೆ ಮುಖ ತಿರುಗಿಸಿದಳು.

“ಅತ್ತಿ. ಆ ಕುಲಾವಿ ಯಾರ ತಲಿ ಮ್ಯಾಲೈತಿ?”

ಮುದುಕಿ ಕೈಯೆತ್ತಿ ಮೂರನೆಯ ಕಂಬದ ಆಚೆ ತೋರಿಸಿದಳು. ತೆಂಗಿನ ಮರವಿದ್ದ ಜಾಗ; ಈಗ ಮರವಿಲ್ಲ. “ಮೂರನೇ ದಿನ ನಸಿಕ್ನಾಗ. ನೀ ಎಚ್ಚರಿರಲಿಲ್ಲ. ಬರೇ ತಲೀಲೆ ಹೆಂಗ ಕಳಸ್ಲಿ ಅಂತ ಹಾಕಿ ಕಳಿಸಿದೆ.”

ದೀಪಾ ಅತ್ತ ನಡೆದಳು. ಸಿಮೆಂಟಿನ ಕಂಬದ ಬುಡದಲ್ಲಿ ಕುಳಿತು ಒದ್ದೆ ಮರಳಿನ ಮೇಲೆ ಅಂಗೈಯಿಟ್ಟಳು. ಅಳಲಿಲ್ಲ. ಚಾದರದ ಸುಕ್ಕು ತೆಗೆಯುವಂತೆ ಮರಳನ್ನು ಸವರಿದಳು, ಮತ್ತೆ ಸವರಿದಳು. ಗೋಮಿಬಾಯಿ ದೂರದಲ್ಲೇ ನಿಂತು ಹಳದಿ ಸೀರೆಯವಳ ಕತೆಯನ್ನೂ ಹೇಳಿದಳು. ಅಲೆಯ ಸದ್ದಿಗೆ ಧ್ವನಿ ಎತ್ತರಿಸಬೇಕಾಯಿತು. ಇಪ್ಪತ್ತೊಂದು ವರ್ಷ ಪಿಸುಗುಟ್ಟದ ಮಾತನ್ನು ಕೂಗಿ ಹೇಳಿದಳು.

“ಆಕಿ ತಿರಿಗಿ ಬಂದ್ಳೇನು?” ದೀಪಾ ತಿರುಗದೆ ಕೇಳಿದಳು.

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ?”

“ನಾ ಕಾಯಲಿಲ್ಲ. ಆಕಿ ಬೆನ್ನ ತಿರಿಗಿಸಿದ ಕೂಡ್ಲೇ ಓಡಿ ಬಂದೆ. ಕೂಸು ಬಾಯಿ ಚೀಪಾಕತ್ತಿತ್ತು. ನಿನ್ನ ಎದಿ ತುಂಬಿ ಸೋರಾಕತ್ತಿತ್ತು.” ಗೋಮಿಬಾಯಿ ದೋಣಿಯ ಅಂಚಿಗೆ ಒರಗಿದಳು. “ಬೇಕಾದ್ದ ಅನ್ನು. ಹುಡಿಗೀಗೆ ಅಷ್ಟ ಹೇಳಬ್ಯಾಡ. ಆಕಿ ಹ್ವಾದ್ರ ನಾ ಉಳಿಯಾಂಗಿಲ್ಲ.”

“ನೀ ಉಳೀತಿಯೋ ಇಲ್ಲೋ ಅನ್ನೂದು ಇವತ್ತಿನ ಮಾತಲ್ಲ,” ಎಂದಳು ದೀಪಾ. ಸೊಸೆಯಾಗಿ ಬಂದಂದಿನಿಂದ ಅವಳು ಅತ್ತೆಯನ್ನು ನೀ ಎಂದದ್ದು ಅದೇ ಮೊದಲು. “ಆಕಿ ಎಣಸೂದು ಕಲ್ತಾಳ. ಇವತ್ತ ದಾರ ಎಣಿಸಿದ್ಳು. ನಾಳಿ ನಿನ್ನ ಮಾರಿ ಎಣಸ್ತಾಳ, ನನ್ನ ಮಾರಿ ಎಣಸ್ತಾಳ. ಒಬ್ಬಾಕಿನ ಕೂತು ಲೆಕ್ಕಾ ಹಚ್ಚೂ ಬದಲಿ ನಮ್ಮ ಬಾಯಿಲೆ ಕೇಳ್ಲಿ.”

“ದೀಪಾ, ನಿನ್ನ ಕಾಲ ಬೀಳ್ತೇನಿ.”

“ನಾ ಹಾಲ ಕುಡಿಸೇನಿ ಆಕಿಗೆ. ಅದನ್ನ ಯಾವ ಯಂತ್ರಾನೂ ಅಳಸಂಗಿಲ್ಲ. ನನಗ ಅಂಜಿಕಿ ಇಲ್ಲ.” ಆದರೆ ಅವಳು ಹಿಡಿದ ಮರಳು ಬೆರಳುಗಳ ಸಂದಿಯಿಂದ ಉದುರುತ್ತಿತ್ತು.

ಆಗ ದೀಪಾಳ ಮೊಬೈಲ್ ಸದ್ದು ಮಾಡಿತು. ಒದ್ದೆ ಕೈಯಿಂದಲೇ ಸ್ಪೀಕರ್ ಒತ್ತಿದಳು.

“ಅವ್ವಾ! ಎರಡನೇ ಬಹುಮಾನ ಬಂತು! ಎಲ್ಲಿದ್ದೀರಿ? ಮನ್ಯಾಗ ಕೀಲಿ ಹಾಕೇತಂತ, ಅಪ್ಪ ಫೋನ್ ಮಾಡಿದ್ದ.”

“ಬಾಯ್ನಾದಾಗ ಅದೇವಿ.”

“ಬಾಯ್ನಾದಾಗ? ಈ ಮಳ್ಯಾಗ? ಅಲ್ಲೇನೈತಿ?”

ದೀಪಾ ಅತ್ತೆಯ ಮುಖ ನೋಡಿದಳು. ಗೋಮಿಬಾಯಿ ಬೇಡವೆಂದು ತಲೆಯಾಡಿಸಿದಳು, ಮತ್ತೆ ಆಡಿಸಿದಳು, ಆಮೇಲೆ ನಿಲ್ಲಿಸಿದಳು.

“ನಿನಗ ತೋರಿಸೂದೈತಿ. ಇಲ್ಲೇ ಬಾ. ಕುಲಾವಿ ತಗೊಂಡು ಬಾ.”

“ಬಸ್ ನಿಂತೇತಿ ಅವ್ವಾ, ಇಡ್ತೇನಿ.” ಹುಡುಗಿ ಓಡುತ್ತಿದ್ದಳು, ಏದುಸಿರು ಕೇಳಿಸಿತು, ಮಳೆ ಕೇಳಿಸಿತು. ಓಡುತ್ತಲೇ, ಮನೆಯ ನಿಯಮ ಮರೆತು ಕೂಗಿದಳು, “ಈಗ ಬಂದ್ನಿ!”

ಫೋನ್ ನಿಂತಿತು. ಗೋಮಿಬಾಯಿ ಕಿವಿ ಮುಚ್ಚಿಕೊಳ್ಳಲು ಎತ್ತಿದ ಕೈಗಳನ್ನು ನಿಧಾನವಾಗಿ ಇಳಿಸಿದಳು. ಸೊಸೆ ಕುಳಿತಿದ್ದ ಕಂಬದ ಬಳಿಗೆ ನಡೆದು, ಅವಳಿಂದ ಒಂದು ಮಾರು ದೂರದಲ್ಲಿ, ರಸ್ತೆಯ ಕಡೆ ಮುಖ ಮಾಡಿ ಮರಳಿನ ಮೇಲೆ ಕುಳಿತಳು.

ಮಳೆ ಜೋರಾಯಿತು. ದೀಪಾ ಕೊಡೆ ಬಿಚ್ಚಲಿಲ್ಲ. ವಾಸ್ಕೋದಿಂದ ಒಂದು ಬಸ್ ಬಂದು ನಿಂತು ಹೋಯಿತು, ಅದರಿಂದ ಯಾರೂ ಇಳಿಯಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಈ ಸಲ ಗೋಮಿಬಾಯಿ ಎದ್ದು ಹೋಗಲಿಲ್ಲ. ಕಾದಳು.